ಅಕಾಡೆಮಿಯಿಂದ ಲೈಸಿಯಂಗೆ: ಅಥೆನ್ಸಿನ ಒಂದು ತತ್ತ್ವನಡಿಗೆಯ ವಿಮರ್ಶೆ

ಅಥೆನ್ಸಿಗೆ ಹೋದವರೆಲ್ಲ ಅಕ್ರೊಪೊಲಿಸ್ ಹತ್ತಿ ಬರುತ್ತಾರೆ. ಪ್ಲೇಟೋ ಪಾಠ ಹೇಳಿದ ತೋಪನ್ನು ಹುಡುಕಿಕೊಂಡು ಹೋಗುವವರು ಕಡಿಮೆ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿ ನಾಲ್ಕು ದಿನ ಇದ್ದೆವು. ಪ್ಲೇಟೋನ ಪಾಠಶಾಲೆ ಅಕಾಡೆಮಿ ಇದ್ದ ಜಾಗವನ್ನೂ ಅವನ ಶಿಷ್ಯ ಅರಿಸ್ಟಾಟಲನ ಪಾಠಶಾಲೆ ಲೈಸಿಯಂ ಇದ್ದ ಜಾಗವನ್ನೂ ಒಂದೇ ಬೆಳಿಗ್ಗೆ ತೋರಿಸಿ, ಆ ಗುರುಶಿಷ್ಯರ ನಡುವಿನ ವಾದವನ್ನು ಅದು ಹುಟ್ಟಿದ ನೆಲದ ಮೇಲೆಯೇ ನಿಂತು ವಿವರಿಸುತ್ತೇವೆಂದು ಹೇಳಿಕೊಂಡಿದ್ದ ಒಂದು ಪ್ರವಾಸ ಸಂಸ್ಥೆಯ ನಾಲ್ಕು ಗಂಟೆಯ ನಡಿಗೆಗೆ ತಲಾ 60 ಯೂರೋ ಕೊಟ್ಟು ಸೇರಿಕೊಂಡೆವು. ಗುಂಪಿನಲ್ಲಿ ಒಂಬತ್ತು ಮಂದಿ ಇದ್ದೆವು. ಗೈಡ್ ಗ್ರೀಕ್ ಮಹಿಳೆ, ಇಂಗ್ಲಿಷ್ ಸ್ಪಷ್ಟವಾಗಿತ್ತು, ಪಠ್ಯಗಳನ್ನು ಓದಿಕೊಂಡವರು ಎಂಬುದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು.

ಅಕಾಡೆಮಿ ಇದ್ದ ಜಾಗ ಈಗ ಊರಿನ ಸಾಮಾನ್ಯ ಉದ್ಯಾನ. ಪ್ರವೇಶ ಶುಲ್ಕವಿಲ್ಲ, ಬೇಲಿಯೂ ಇಲ್ಲದಂತೆಯೇ. ವ್ಯಾಯಾಮಶಾಲೆಯ ಅಡಿಪಾಯದ ಕಲ್ಲುಗಳ ಮೇಲೆ ಇಬ್ಬರು ಮುದುಕರು ಕುಳಿತು ಹರಟುತ್ತಿದ್ದರು, ಪಕ್ಕದಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರು. ಸುಮಾರು ಕ್ರಿ.ಪೂ. 387ರಲ್ಲಿ ಪ್ಲೇಟೋ ಇಲ್ಲಿ ಪಾಠ ಆರಂಭಿಸಿದ, ಕ್ರಿ.ಪೂ. 86ರಲ್ಲಿ ರೋಮನ್ ಸೇನಾನಿ ಸುಲ್ಲಾ ಮುತ್ತಿಗೆಯ ಯಂತ್ರಗಳಿಗೆಂದು ಇಲ್ಲಿನ ಮರಗಳನ್ನು ಕಡಿಸಿದ. ಇಷ್ಟನ್ನು ಹೇಳಿ ಮುಗಿಸಿ ಗೈಡ್ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ತ್ರಿಕೋನವೊಂದನ್ನು ಗೀಚಿದರು. ಗೆರೆ ಒಂದು ಕಡೆ ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಕಲ್ಲು ಅಡ್ಡ ಬಂದು ಸೊಟ್ಟ. "ಇದರ ಮೂರು ಕೋನ ಅಳೆದು ಕೂಡಿದರೆ 180 ಡಿಗ್ರಿ ಬರುತ್ತದೆಯೇ?" ಎಂದು ಕೇಳಿದರು. ಬರುವುದಿಲ್ಲ. ಹಾಗಾದರೆ ರೇಖಾಗಣಿತದ ಪ್ರಮೇಯ ಯಾವ ತ್ರಿಕೋನದ ವಿಷಯದಲ್ಲಿ ಸತ್ಯ? ಕಣ್ಣಿಗೆ ಕಾಣುವ ಯಾವ ತ್ರಿಕೋನದ ವಿಷಯದಲ್ಲೂ ಅಲ್ಲವಾದರೆ, ಬುದ್ಧಿಗೆ ಮಾತ್ರ ಎಟಕುವ, ಹುಟ್ಟುಸಾವಿಲ್ಲದ ತ್ರಿಕೋನವೊಂದು ಇರಲೇಬೇಕಲ್ಲವೇ? ಸೌಂದರ್ಯಕ್ಕೂ ನ್ಯಾಯಕ್ಕೂ ಇದೇ ತರ್ಕವನ್ನು ಹಚ್ಚಿದರೆ ಪ್ಲೇಟೋ 'ಐಡೋಸ್' ಎಂದು ಕರೆದ ರೂಪತತ್ತ್ವ ಸಿಗುತ್ತದೆ. ಅವನ 'ರಿಪಬ್ಲಿಕ್' ಸಂವಾದದ ಹತ್ತನೆಯ ಭಾಗದಲ್ಲಿ ಮಂಚದ ಉದಾಹರಣೆ ಇದೆ: ದೇವರು ಮಾಡಿದ ಒಂದೇ ಮಂಚ, ಅದನ್ನು ನೋಡಿ ಬಡಗಿ ಮಾಡುವ ಮಂಚಗಳು, ಬಡಗಿಯದನ್ನು ನೋಡಿ ಚಿತ್ರಕಾರ ಬರೆಯುವ ಮಂಚ. ಇದನ್ನು ಪುಸ್ತಕದಲ್ಲಿ ಹಿಂದೆಯೇ ಓದಿದ್ದೆ. ಆ ಸೊಟ್ಟ ಗೆರೆಯ ಮುಂದೆ ನಿಂತಾಗ ತಲೆಗೆ ಹತ್ತಿದಷ್ಟು ಅಂದು ಹತ್ತಿರಲಿಲ್ಲ. ಕೊಟ್ಟ ಹಣದಲ್ಲಿ ಅರ್ಧ ಅಲ್ಲಿಯೇ ವಸೂಲಾಯಿತು.

ನನ್ನ ಮೊದಲ ಆಕ್ಷೇಪವೂ ಅಲ್ಲಿಯದೇ. ರೂಪತತ್ತ್ವಕ್ಕೆ ಎದುರಾದ ಅತ್ಯಂತ ಕಠಿಣ ಪ್ರಶ್ನೆಗಳು ಅರಿಸ್ಟಾಟಲನಿಂದ ಬಂದವೆಂಬ ಭಾವನೆ ಮೂಡುವ ಹಾಗೆ ಗೈಡ್ ಕಥೆ ಹೆಣೆದರು. ಅವುಗಳಲ್ಲಿ ಮುಖ್ಯವಾದದ್ದನ್ನು ಎತ್ತಿದವನು ಸ್ವತಃ ಪ್ಲೇಟೋ. ಅವನ 'ಪಾರ್ಮೆನಿಡೀಸ್' ಸಂವಾದದಲ್ಲಿ ಪಾರ್ಮೆನಿಡೀಸ್ ಎಂಬ ವೃದ್ಧ ತತ್ತ್ವಜ್ಞಾನಿ ಎಳೆಯ ಸಾಕ್ರಟೀಸನನ್ನು, ಕೂದಲು, ಕೆಸರು, ಕೊಳೆ ಇವಕ್ಕೂ ರೂಪತತ್ತ್ವವಿದೆಯೇ ಎಂದು ಕೇಳಿ ತಬ್ಬಿಬ್ಬು ಮಾಡುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ದೊಡ್ಡ ವಸ್ತುಗಳೆಲ್ಲ ದೊಡ್ಡವಾಗಿರುವುದು 'ದೊಡ್ಡತನ'ದಿಂದ ಎಂದಾದರೆ, ಆ ವಸ್ತುಗಳನ್ನೂ ಆ ದೊಡ್ಡತನವನ್ನೂ ಒಟ್ಟಿಗಿಟ್ಟು ನೋಡಿದಾಗ ಅವೆಲ್ಲವೂ ದೊಡ್ಡವೆನಿಸಲು ಇನ್ನೊಂದು ದೊಡ್ಡತನ ಬೇಕಾಗುತ್ತದೆ, ಅದಕ್ಕೆ ಮತ್ತೊಂದು, ಹೀಗೆ ಕೊನೆಯೇ ಇಲ್ಲ. ನಮ್ಮ ತಾರ್ಕಿಕರು ಅನವಸ್ಥಾದೋಷ ಎನ್ನುವುದು ಇದನ್ನೇ. ಇಷ್ಟೆಲ್ಲ ಕೆಡವಿದ ಮೇಲೆ ಅದೇ ಪಾರ್ಮೆನಿಡೀಸ್, ರೂಪತತ್ತ್ವಗಳೇ ಇಲ್ಲವೆಂದರೆ ಆಲೋಚನೆಗೆ ನಿಲ್ಲಲು ನೆಲೆಯೇ ಇರುವುದಿಲ್ಲ ಎಂದೂ ಹೇಳುತ್ತಾನೆ. ಕ್ರಿ.ಪೂ. 367ರಲ್ಲಿ ಹದಿನೇಳರ ಹುಡುಗನಾಗಿ ಬಂದು ಇಪ್ಪತ್ತು ವರ್ಷ ಇಲ್ಲಿಯೇ ಇದ್ದ ಅರಿಸ್ಟಾಟಲ್ ಈ ಚರ್ಚೆಯ ನಡುವೆಯೇ ಬೆಳೆದವನು. ಪ್ಲೇಟೋನ ಸೋದರಳಿಯ, ಅವನ ನಂತರ ಅಕಾಡೆಮಿಯ ಮುಖ್ಯಸ್ಥನಾದ ಸ್ಪ್ಯೂಸಿಪಸ್ ಕೂಡ ರೂಪತತ್ತ್ವಗಳನ್ನು ಬಿಟ್ಟು ಸಂಖ್ಯೆಗಳನ್ನಷ್ಟೇ ಉಳಿಸಿಕೊಂಡ. ಈ ಮನೆಯೊಳಗಿನ ಜಗಳದ ಸುಳಿವು ನಡಿಗೆಯಲ್ಲಿ ಸಿಗಲಿಲ್ಲ. ಕೇಳಿದಾಗ ಗೈಡ್ ಸರಿಯಾಗಿಯೇ ಉತ್ತರಿಸಿದರು. ಸಮಯವಿಲ್ಲವೆಂದು ಬಿಟ್ಟೆ ಎಂದರು. ಮುಂದೆ ಕಾಫಿಗೆಂದು ನಿಂತ ಮುಕ್ಕಾಲು ಗಂಟೆಯಲ್ಲಿ ಅದಕ್ಕೆ ಸಮಯವಿತ್ತು.

ಕಾಫಿಯ ವಿಷಯ ಬಂತು, ಅನಾನುಕೂಲಗಳನ್ನೂ ಹೇಳಿಬಿಡುತ್ತೇನೆ. ಕಿವಿಗೆ ಕೊಟ್ಟ ರಿಸೀವರುಗಳಲ್ಲಿ ನನ್ನದು ಎರಡು ಸಲ ಸತ್ತಿತು. ಎರಡು ಜಾಗಗಳ ನಡುವಿನ ದೂರವನ್ನು ಸಂಸ್ಥೆಯವರು 'ಸಣ್ಣ ನಡಿಗೆ' ಎಂದು ಬರೆದಿದ್ದರು; ವಾಸ್ತವದಲ್ಲಿ ಊರಿನ ಒಂದು ಅಂಚಿನಿಂದ ನಡುಮಧ್ಯಕ್ಕೆ ಬಸ್ಸು ಹಿಡಿಯಬೇಕು, ಟಿಕೆಟ್ ನಮ್ಮದೇ.

ಲೈಸಿಯಂ ಬೇರೆಯೇ ಬಗೆಯ ಜಾಗ. 1996ರಲ್ಲಿ ವಸ್ತುಸಂಗ್ರಹಾಲಯವೊಂದಕ್ಕೆ ಪಾಯ ಅಗೆಯುವಾಗ ಸಿಕ್ಕಿದ ಇದನ್ನು 2014ರಲ್ಲಿ ಸಾರ್ವಜನಿಕರಿಗೆ ತೆರೆದರು. ಕುಸ್ತಿಯ ಅಂಗಳದ ಗೋಡೆಗಳ ತಳ, ಸ್ನಾನದ ಕೋಣೆಗಳ ಗುರುತು, ಸುತ್ತ ನೆಟ್ಟ ಲ್ಯಾವೆಂಡರ್ ಗಿಡಗಳು. ಕ್ರಿ.ಪೂ. 335ರಲ್ಲಿ ಅಥೆನ್ಸಿಗೆ ಮರಳಿದ ಅರಿಸ್ಟಾಟಲ್ ಇಲ್ಲಿ ಪಾಠ ಹೇಳಿದ. ಗೈಡ್ ತಮ್ಮ ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಮೇಲೆತ್ತಿದಾಗ ಎಲ್ಲರೂ ನಕ್ಕೆವು, ಆದರೆ ಅದು ಅವನ 'ಮೆಟಾಫಿಸಿಕ್ಸ್' ಗ್ರಂಥದ ಉದಾಹರಣೆಯೇ. ಒಳಬಾಗು ಎಂಬುದನ್ನು ಬಟ್ಟಲಿನಲ್ಲೂ ಕಾಣಬಹುದು, ಕಾಲುಗಳಲ್ಲೂ ಕಾಣಬಹುದು, ಯಾವ ವಸ್ತುವನ್ನೂ ನೆನೆಯದೆ ಅದರ ಲಕ್ಷಣ ಹೇಳಬಹುದು. ಮೂಗಿನ ಮೊಂಡನ್ನು ಮಾತ್ರ ಮೂಗನ್ನು ಬಿಟ್ಟು ಹೇಳಲಾಗದು, ಏಕೆಂದರೆ ಅದು ಮೂಗಿನಲ್ಲಿರುವ ಒಳಬಾಗು. ಪ್ರಕೃತಿಯ ವಸ್ತುಗಳೆಲ್ಲ ಒಳಬಾಗಿನಂತಲ್ಲ, ಮೊಂಡು ಮೂಗಿನಂತೆ ಎನ್ನುತ್ತಾನೆ ಅರಿಸ್ಟಾಟಲ್: ಮಾಂಸ, ಎಲುಬು, ಮರ ಇವನ್ನು ದ್ರವ್ಯವನ್ನು, ಅಂದರೆ ಅವು ಯಾವುದರಿಂದ ಆಗಿವೆಯೋ ಅದನ್ನು, ಬಿಟ್ಟು ವಿವರಿಸಲಾಗದು. ಹೇಳಿಕೇಳಿ ಸಾಕ್ರಟೀಸನದು ಮೊಂಡು ಮೂಗು, ಉದಾಹರಣೆಯಲ್ಲಿ ಒಂದಿಷ್ಟು ತುಂಟತನ ಇದ್ದಿರಲೂಬಹುದು. ಅರಿಸ್ಟಾಟಲ್ ರೂಪವನ್ನು ನಿರಾಕರಿಸಲಿಲ್ಲ, ಅದನ್ನು ವಸ್ತುವಿನೊಳಗೆ ಇಳಿಸಿದ ಎಂಬ ಸೂಕ್ಷ್ಮವನ್ನು ಗೈಡ್ ಇಷ್ಟು ಸಲೀಸಾಗಿ ತಲುಪಿಸಿದ್ದು ಮೆಚ್ಚತಕ್ಕದ್ದು. ಒಂದೇ ಗೋತ್ವ, ಅಂದರೆ ಹಸುತನ, ಎಲ್ಲ ಹಸುಗಳಲ್ಲೂ ಇದೆಯೆಂದ ನೈಯಾಯಿಕರನ್ನೂ (ನ್ಯಾಯದರ್ಶನದ ತಾರ್ಕಿಕರು), ಹಾಗಲ್ಲ, ಇರುವುದು ಹೋಲಿಕೆ ಮಾತ್ರ ಎಂದ ಮಧ್ವಾಚಾರ್ಯರನ್ನೂ ಬಲ್ಲ ಓದುಗರಿಗೆ ಈ ಭಾಗ ವಿಶೇಷ ರುಚಿ ಕೊಡುತ್ತದೆ.

ಕೊನೆಗೆ ಎಲ್ಲರ ಕೈಗೂ ಪ್ಲಾಸ್ಟಿಕ್ ಹಾಕಿದ ಒಂದು ಚಿತ್ರ ಕೊಟ್ಟರು: ರಫೇಲ್ 1509ರಿಂದ 1511ರ ನಡುವೆ ವ್ಯಾಟಿಕನ್ನಿನ ಗೋಡೆಯ ಮೇಲೆ ಬರೆದ, ಪ್ಲೇಟೋ ಮೇಲಕ್ಕೆ ಬೆರಳು ತೋರುವ, ಅರಿಸ್ಟಾಟಲ್ ಅಂಗೈಯನ್ನು ನೆಲದ ಕಡೆಗೆ ಚಾಚಿರುವ ಚಿತ್ರ. ಒಬ್ಬ ಆಕಾಶದವನು, ಒಬ್ಬ ಭೂಮಿಯವನು ಎಂದು ಹೇಳಿ ಮುಗಿಸಿದರು. ನಾಲ್ಕು ಗಂಟೆ ಕಷ್ಟಪಟ್ಟು ಕಟ್ಟಿದ್ದನ್ನು ಇಲ್ಲಿ ತಾವೇ ಕೆಡವಿಕೊಂಡರು ಎನ್ನಿಸಿತು. ನಿಜವಾಗಿ ನೆಲದ ಪಕ್ಷದವರು ಬೇಕೆಂದರೆ ಪ್ಲೇಟೋನ 'ಸೋಫಿಸ್ಟ್' ಸಂವಾದದಲ್ಲಿದ್ದಾರೆ. ದೇವತೆಗಳಿಗೂ ದೈತ್ಯರಿಗೂ ನಡೆಯುವ ಯುದ್ಧವೆಂದು ಅಲ್ಲಿ ಬಣ್ಣಿಸಿದ ಜಗಳದಲ್ಲಿ ಒಂದು ಪಕ್ಷ ಬಂಡೆ, ಮರಗಳನ್ನು ತಬ್ಬಿ ಹಿಡಿದು, ಮುಟ್ಟಲು ಸಿಗುವುದೇ ಇರುವುದು ಎನ್ನುತ್ತದೆ. ಇನ್ನೊಂದು ಪಕ್ಷ ರೂಪತತ್ತ್ವಗಳ ಗೆಳೆಯರದು. ರೂಪವನ್ನು ನಿರಾಕರಿಸದ ಅರಿಸ್ಟಾಟಲನನ್ನು ಆ ದೈತ್ಯರ ಸಾಲಿನಲ್ಲಿ ನಿಲ್ಲಿಸಲಾಗದು. ಲೈಸಿಯಂನ ಕಲ್ಲುಗಳ ಮುಂದೆ ಈ ಭಾಗವನ್ನು ಎರಡು ನಿಮಿಷ ಓದಿದ್ದರೆ ಚಿತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ತತ್ತ್ವಶಾಸ್ತ್ರದ ಗಂಧವಿಲ್ಲದೆ ಹೋದ ನನ್ನ ಹೆಂಡತಿ ನಾಲ್ಕೂವರೆ ಕೊಟ್ಟಿದ್ದಾಳೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹೋಗುವವರು 'ಪಾರ್ಮೆನಿಡೀಸ್' ಸಂವಾದದ ಮೊದಲ ಭಾಗವನ್ನಷ್ಟೇ ಓದಿಕೊಂಡು ಹೋಗಿ, ಅಕಾಡೆಮಿಯಲ್ಲಿಯೇ ಪ್ರಶ್ನೆ ಕೇಳಿ. ಕೇಳಿದರೆ ಆ ಗೈಡ್ ಹೇಳುತ್ತಾರೆ. ಬೆಳಗಿನ ತಂಡವನ್ನೇ ಆರಿಸಿಕೊಳ್ಳಿ, ಲೈಸಿಯಂನಲ್ಲಿ ನೆರಳು ಕಡಿಮೆ.