ರಿಯೋಹಾ, ಗ್ರೆದೋಸ್, ಬಿಯೆರ್ಸೋ: ಮೂರು ಸ್ಪ್ಯಾನಿಷ್ ಕೆಂಪು ವೈನ್ ಅಕ್ಕಪಕ್ಕ

ಸ್ಪೇನ್‌ನ ಕೆಂಪು ವೈನ್ ಕೊಳ್ಳುವವರು ಬಹುಕಾಲ ನೋಡುತ್ತಿದ್ದುದು ಓಕ್ ಪೀಪಾಯಿಯಲ್ಲಿ ಎಷ್ಟು ದಿನ ಇತ್ತು ಎಂಬುದನ್ನು. ಈಗ ಯಾವ ತಳಿ, ಯಾವ ಬೆಟ್ಟದ್ದು ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಏಕೆಂದು ತಿಳಿಯಲು ಮೂರು ಬಾಟಲಿ ಒಟ್ಟಿಗೆ ತೆರೆದರೆ ಸಾಕು: ರಿಯೋಹಾದ ತೆಂಪ್ರಾನಿಯೋ ಕ್ರಿಯಾನ್ಸಾ, ಗ್ರೆದೋಸ್‌ನ ಗಾರ್ನಾಚಾ, ಬಿಯೆರ್ಸೋದ ಮೆನ್ಸಿಯಾ. ತೆಂಪ್ರಾನಿಯೋ, ಗಾರ್ನಾಚಾ, ಮೆನ್ಸಿಯಾ ದ್ರಾಕ್ಷಿ ತಳಿಗಳು; ಕ್ರಿಯಾನ್ಸಾ ಎಂಬುದು ಎಷ್ಟು ಕಾಲ ಮಾಗಿಸಿದ್ದು ಎಂದು ಹೇಳುವ ದರ್ಜೆ.

ಮೊದಲು ಉಷ್ಣತೆ ಸರಿಮಾಡಿಕೊಳ್ಳಿ. ಬೆಂಗಳೂರಿನ ಬೇಸಿಗೆಯಲ್ಲಿ ಕೋಣೆಯಲ್ಲಿಟ್ಟ ಬಾಟಲಿ 28 ಡಿಗ್ರಿ ಇರುತ್ತದೆ. ಆಗ ಗಾರ್ನಾಚಾದ ಮದ್ಯದ ಘಾಟು ಮಾತ್ರ ಮೂಗಿಗೆ ಹೊಡೆದು, ಅದು ಅನ್ಯಾಯವಾಗಿ ಸೋಲುತ್ತದೆ. ಐಸ್ ಬೆರೆಸಿದ ನೀರಿನಲ್ಲಿ ಸುಮಾರು 10 ನಿಮಿಷ ಕುತ್ತಿಗೆವರೆಗೆ ಮುಳುಗಿಸಿ, 15–16 ಡಿಗ್ರಿಗೆ ತನ್ನಿ. ಮೂರಕ್ಕೂ ಒಂದೇ ಬಗೆಯ ಗ್ಲಾಸ್ ಇರಲಿ.

ರಿಯೋಹಾದ ಕ್ರಿಯಾನ್ಸಾ ಕನಿಷ್ಠ 2 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷ ಓಕ್‌ನಲ್ಲಿ. ಸಾಂಪ್ರದಾಯಿಕವಾಗಿ ಅದು 225 ಲೀಟರಿನ ಅಮೆರಿಕನ್ ಓಕ್ ಪೀಪಾಯಿ. ಹಾಗಾಗಿ ಮೊದಲು ಬರುವುದು ವೆನಿಲ್ಲಾ, ಒಣಕೊಬ್ಬರಿ, ಚೆರ್ರಿ ಆಮೇಲೆ. ಒಗರು ಮೆದು. ಸುಟ್ಟ ಕುರಿಮಾಂಸಕ್ಕೆ ಈಗಲೂ ನನ್ನ ಆಯ್ಕೆ ಇದೇ. ಬರಿದೆ ಕುಡಿದರೆ ಎರಡನೇ ಗ್ಲಾಸಿಗೆ ಮರದ ರುಚಿಯೇ ಉಳಿಯುತ್ತದೆ.

ಗಾರ್ನಾಚಾ ಸುರಿದ ಕೂಡಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ: ಗ್ಲಾಸಿನ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಬಹುದು. ತೆಳು ಬಣ್ಣವೆಂದರೆ ನೀರುನೀರು ವೈನ್ ಎಂದುಕೊಳ್ಳಬೇಡಿ, ಮದ್ಯಾಂಶ 14.5% ದಾಟುವುದುಂಟು. ಸ್ಟ್ರಾಬೆರಿ, ಕಿತ್ತಳೆ ಸಿಪ್ಪೆ, ಒಣ ಹುಲ್ಲಿನ ಪರಿಮಳ, ನಾಲಿಗೆ ಮೇಲೆ ಸಣ್ಣ ಮರಳಿನಂಥ ಒಗರು. ಮ್ಯಾಡ್ರಿಡ್‌ನ ಪಶ್ಚಿಮದ ಈ ಬೆಟ್ಟಗಳಲ್ಲಿ ಕೆಲವು ತೋಟ 1,000 ಮೀಟರಿಗೂ ಎತ್ತರ, ನೆಲ ಗ್ರಾನೈಟ್. ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ; ಬಿಸಿ ಬಯಲಿನಲ್ಲಿ ಇದೇ ತಳಿ ಜಾಮ್‌ನಂತೆ ಸಿಹಿ ಹೊಡೆಯುತ್ತದೆ. ಹಿಂದೆ ಇಲ್ಲಿನ ಹಳೇ ಬಳ್ಳಿಗಳ ಹಣ್ಣು ಅಗ್ಗದ ಸಗಟು ವೈನ್‌ಗೆ ಹೋಗುತ್ತಿತ್ತು ಎನ್ನುವುದು ಸಂಕಟದ ಸಂಗತಿ. ಮೂರರಲ್ಲಿ ಅತ್ಯುತ್ತಮ ಇದೇ, ಅನುಮಾನವಿಲ್ಲ. ಕೊಳ್ಳುವಾಗ ಒಂದು ತೊಡಕು: ಗ್ರೆದೋಸ್ ಮೂರು ಪ್ರಾಂತಗಳಿಗೆ ಹಂಚಿಹೋಗಿರುವುದರಿಂದ ಲೇಬಲ್ ಮೇಲೆ ಸೆಬ್ರೇರೋಸ್, ವಿನೋಸ್ ದೆ ಮ್ಯಾಡ್ರಿಡ್ ಅಥವಾ ಮೆಂತ್ರಿದಾ ಎಂಬ ವೈನ್ ಪ್ರದೇಶದ ಹೆಸರು ಹುಡುಕಬೇಕು.

ಮೆನ್ಸಿಯಾ ಇವೆರಡರ ನಡುವಿನದು. ವಾಯವ್ಯ ಸ್ಪೇನ್‌ನ ಬಿಯೆರ್ಸೋದ ಸ್ಲೇಟ್ ಇಳಿಜಾರುಗಳದ್ದು. ಕೆಂಪು ಹಣ್ಣು, ನೇರಳೆ ಹೂವು, ಚೂರು ಮೆಣಸು. ತೆರೆದಾಗ ಕಡ್ಡಿ ಗೀರಿದ ವಾಸನೆ ಬಂದರೆ ಕೆಟ್ಟಿದೆಯೆಂದು ಚೆಲ್ಲಬೇಡಿ. ಅದು ಗಾಳಿಯಾಡದೆ ಬಾಟಲಿಯಲ್ಲಿ ಉಳಿದ ಗಂಧಕದ ವಾಸನೆ, ಜಗ್‌ಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ನಮ್ಮ ಕೋಳಿ ಸಾರಿಗೆ ಇದನ್ನೇ ಇಡಿ: ಖಾರ ಮದ್ಯದ ಉರಿಯನ್ನು ಹೆಚ್ಚಿಸುವುದರಿಂದ ಗಾರ್ನಾಚಾ ಗಂಟಲು ಸುಡುತ್ತದೆ, 13% ಆಸುಪಾಸಿನ ಮೆನ್ಸಿಯಾ ಸುಡುವುದಿಲ್ಲ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ. ಗಾರ್ನಾಚಾ ಗಾಳಿಗೆ ಬೇಗ ಸೋಲುತ್ತದೆ, ಮರುದಿನವೇ ಮುಗಿಸಿ. ಕ್ರಿಯಾನ್ಸಾ ಮೂರನೇ ದಿನಕ್ಕೂ ತಡೆಯುತ್ತದೆ.