ಯಾವ ಕೇಡಿಗೆ ಮನಸ್ಸು ಕೊಡೋದು: ಬಾಯ್ಡ್, ರೆಡಿಂಗ್ಟನ್, ವಿಲನೆಲ್

ನನ್ನ ವೋಟು ‘ಜಸ್ಟಿಫೈಡ್’ ಅನ್ನುವ ಇಂಗ್ಲಿಷ್ ಟಿವಿ ಸರಣಿಯ ಕೇಡಿ ಬಾಯ್ಡ್ ಕ್ರೌಡರ್‌ಗೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೋಲಿಕೆ ಹೆಸರಲ್ಲಿ ಮೋಸ ಮಾಡಿದೆ ಅನ್ನಬೇಡಿ. ‘ಜಸ್ಟಿಫೈಡ್’ ನೋಡಿ ಮುಗಿಸಿದ ಮೇಲೆ ಅಂಥದ್ದೇ ಇನ್ನೊಬ್ಬ ಮಾತಿನ ಮಲ್ಲ ಎಲ್ಲಾದರೂ ಸಿಗುತ್ತಾನಾ ಅಂತ ಹುಡುಕಿಕೊಂಡು ಹೊರಟೆ. ‘ದಿ ಬ್ಲ್ಯಾಕ್‌ಲಿಸ್ಟ್’ನ ರೇಮಂಡ್ ರೆಡಿಂಗ್ಟನ್‌ಗೋಸ್ಕರ ವರ್ಷದ ಚಂದಾ ಕಟ್ಟಿದೆ. ‘ಕಿಲ್ಲಿಂಗ್ ಈವ್’ನ ವಿಲನೆಲ್‌ಗೋಸ್ಕರ ನಿದ್ದೆ ಕೆಟ್ಟೆ.

ಮೂವರೂ ಕೊಲೆಗಾರರೇ. ಆದರೂ ಪೊಲೀಸರು ಹತ್ತಿರ ಬಂದಾಗ ಸೋಫಾ ಮೇಲೆ ಕೂತವರು ‘ಓಡೋ ಮಾರಾಯ’ ಅಂದುಕೊಳ್ಳುತ್ತೇವೆ. ಕ್ಯಾಮೆರಾ, ಸಂಗೀತ, ರೇಟಿಂಗ್ ವಿಷಯ ಇಲ್ಲಿ ಬೇಡ, ಅದೆಲ್ಲ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ನೋಡಿದ್ದು ಒಂದೇ. ಕೇಡಿಯ ಪರ ನಿಂತ ನನ್ನನ್ನು ಆ ಸರಣಿ ಹೇಗೆ ನಡೆಸಿಕೊಳ್ಳುತ್ತದೆ? ಬರೀ ಮುದ್ದು ಮಾಡುತ್ತದಾ, ಇಲ್ಲ ಆಗಾಗ ಕಿವಿ ಹಿಂಡುತ್ತದಾ?

ಮೂರರ ಕೊನೆಯನ್ನೂ ಕೆಳಗೆ ಬಾಯಿಬಿಟ್ಟಿದ್ದೇನೆ. ನೋಡುವ ಆಸೆ ಇದ್ದವರು ಇಲ್ಲೇ ನಿಲ್ಲಿಸಿ.

ವಿಲನೆಲ್‌ಳಿಂದ ಶುರು ಮಾಡೋಣ, ಅವಳದ್ದು ಬೇಗ ಮುಗಿಯುತ್ತದೆ. 2018ರ ಮೊದಲ ಸೀಸನ್ನಿನ ಮೊದಲ ದೃಶ್ಯವೇ ಸಾಕು. ವಿಯೆನ್ನಾದ ಐಸ್‌ಕ್ರೀಮ್ ಅಂಗಡಿ. ಎದುರಿಗೆ ಒಂದು ಪುಟ್ಟ ಹುಡುಗಿ. ಅಂಗಡಿಯವನನ್ನು ನೋಡಿ ಆ ಮಗು ನಗುತ್ತದೆ, ಇವಳನ್ನು ನೋಡಿ ನಗಲ್ಲ. ವಿಲನೆಲ್ ಆ ನಗುವನ್ನೇ ಕಾಪಿ ಹೊಡೆದು ನಗುತ್ತಾಳೆ, ಮಗುವೂ ನಗುತ್ತದೆ. ಎದ್ದು ಹೋಗುವಾಗ ಐಸ್‌ಕ್ರೀಮ್ ಬಟ್ಟಲನ್ನು ಮಗುವಿನ ಮೈಮೇಲೆ ತಳ್ಳಿ ಹೋಗುತ್ತಾಳೆ. ನನಗೆ ನಗು ಬಂತು. ಮೂರನೇ ಎಪಿಸೋಡಿನಲ್ಲಿ ಬರ್ಲಿನ್ನಿನ ಕ್ಲಬ್ಬಿನೊಳಗೆ, ಜನ ಕುಣಿಯುತ್ತಿರುವಾಗ, ಬಿಲ್ ಅನ್ನುವ ಒಳ್ಳೇ ಮನುಷ್ಯನಿಗೆ ಅದೇ ನಗುಮುಖದಲ್ಲಿ ಚಾಕು ಹಾಕುತ್ತಾಳೆ. ಆಗ ನಗು ಬರಲಿಲ್ಲ. ಕಿವಿ ಹಿಂಡುವುದು ಅಂದರೆ ಇದೇ.

ಆದರೆ ಈ ಸರಣಿಗೆ ಸೀಸನ್‌ಗೊಬ್ಬರು ಮುಖ್ಯ ಬರಹಗಾರರು. ಮೊದಲನೆಯದು ಫೀಬಿ ವಾಲರ್-ಬ್ರಿಜ್ ಕೈಯಲ್ಲಿತ್ತು, ಎರಡನೆಯದು ಎಮರಾಲ್ಡ್ ಫೆನೆಲ್, ಆಮೇಲೆ ಮತ್ತಿಬ್ಬರು. ವಿಲನೆಲ್ ಕೂಡ ಸೀಸನ್‌ಗೊಂದು ಥರ ಆಗಿಬಿಟ್ಟಳು. ಆ ಪಾತ್ರ ಮಾಡಿದ ಜೋಡಿ ಕೋಮರ್ ಅಭಿನಯದ ಬಗ್ಗೆ ಎರಡು ಮಾತಿಲ್ಲ, 2019ರ ಎಮ್ಮಿ ಪ್ರಶಸ್ತಿ ಸುಮ್ನೆ ಬಂದದ್ದಲ್ಲ. 2022ರಲ್ಲಿ ವಿಲನೆಲ್‌ಳನ್ನು ಥೇಮ್ಸ್ ನದಿಯಲ್ಲಿ ಗುಂಡಿಕ್ಕಿ ಕೊಂದು ಕಥೆ ಮುಗಿಸಿದರು. ನೋಡಿದವರೆಲ್ಲ ರೇಗಿದರು. ಮೂಲ ಕಥೆಗಳನ್ನು ಬರೆದ ಲ್ಯೂಕ್ ಜೆನ್ನಿಂಗ್ಸ್‌ಗೂ ಆ ಕೊನೆ ಹಿಡಿಸಲಿಲ್ಲ. ನನಗಂತೂ ಅಷ್ಟೊತ್ತಿಗೆ ರೇಗುವಷ್ಟೂ ಪ್ರೀತಿ ಉಳಿದಿರಲಿಲ್ಲ.

ಇನ್ನು ರೆಡಿಂಗ್ಟನ್ ಸಾಹೇಬರು. 2013ರಲ್ಲಿ ಶುರುವಾಗಿ 2023ಕ್ಕೆ ಮುಗಿದ ಸರಣಿ. 10 ಸೀಸನ್, 218 ಎಪಿಸೋಡ್. ಲೆಕ್ಕ ಹಾಕಿದರೆ ಸುಮಾರು 150 ಗಂಟೆ. ಶುರುವಾತು ಜಬರ್ದಸ್ತ್. ವರ್ಷಗಟ್ಟಲೆ ತಲೆ ತಪ್ಪಿಸಿಕೊಂಡಿದ್ದ ದೊಡ್ಡ ಕೇಡಿ ತಾನಾಗಿ ಎಫ್‌ಬಿಐ ಕಚೇರಿಗೆ ನಡೆದುಬಂದು, ಕೈ ತಲೆ ಹಿಂದಿಟ್ಟು ಮಂಡಿಯೂರುತ್ತಾನೆ. ಎಲಿಜಬೆತ್ ಕೀನ್ ಅನ್ನುವ ಹೊಸ ಹುಡುಗಿ ಜೊತೆ ಮಾತ್ರ ಮಾತಾಡುತ್ತೇನೆ ಅನ್ನುತ್ತಾನೆ. ರೆಡಿಂಗ್ಟನ್ ಪಾತ್ರದ ಜೇಮ್ಸ್ ಸ್ಪೇಡರ್ ದನಿ ಕೇಳುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. ಯಾರನ್ನಾದರೂ ಮುಗಿಸುವ ಮೊದಲು ಎಲ್ಲೋ ತಿಂದ ಊಟದ್ದೋ ಯಾವುದೋ ಹಳೇ ಗೆಳೆಯನದ್ದೋ ಕಥೆ ಶುರು ಮಾಡುತ್ತಾನೆ. ನಮ್ಮತ್ತೆಗೆ ಒಂದಕ್ಷರ ಇಂಗ್ಲಿಷ್ ಬರಲ್ಲ. ಆದರೂ ಬೀನ್ಸ್ ಸೋಸುತ್ತಾ ಕೂತು, ‘ಟೋಪಿ ಸಾಹೇಬ್ರು ಕಥೆ ಶುರು ಮಾಡಿದ್ರು, ಯಾರಿಗೋ ಕಾದಿದೆ ಇವತ್ತು’ ಅನ್ನುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ.

ಕಿರಿಕಿರಿ ಶುರುವಾಗುವುದು ಅವನ ಗುಟ್ಟಿನಿಂದ. ಇವನು ನಿಜಕ್ಕೂ ಯಾರು? ಆ ಹುಡುಗಿ ಕಂಡರೆ ಇವನಿಗೇಕೆ ಅಷ್ಟು ಜೀವ? ಮೊದಲ ಸೀಸನ್‌ನಲ್ಲಿ ಈ ಪ್ರಶ್ನೆ ರುಚಿಯಾಗಿತ್ತು. ಅಪ್ಪ ಇರಬಹುದು ಅಂದರು. ಅಲ್ಲ ಅಂದರು. ಮತ್ತೆ ಹೌದು ಅಂದರು. ಐದನೇ ಸೀಸನ್ನಿನ ಕೊನೆಗೆ ಒಂದು ಚೀಲದಲ್ಲಿದ್ದ ಮೂಳೆಗಳು ಅಸಲಿ ರೆಡಿಂಗ್ಟನ್‌ನವು, ಇವನು ಬೇರೆ ಯಾರೋ ಅಂತ ಗೊತ್ತಾಯಿತು. ಸರಿ, ಹಾಗಾದರೆ ಇವನ್ಯಾರು? ಎಂಟನೇ ಸೀಸನ್ ಮುಗಿಯುವ ಹೊತ್ತಿಗೆ ಕಪ್ಪುಬಿಳುಪಿನಲ್ಲಿ ಒಂದು ಪೂರ್ತಿ ಎಪಿಸೋಡ್ ಮಾಡಿ ಎಲ್ಲ ಹೇಳಿದ ಹಾಗೆ ಮಾಡಿದರು. ಕೊನೇ ಒಂದು ವಾಕ್ಯ ಮಾತ್ರ ಹೇಳಲಿಲ್ಲ. ಇವನು ಎಲಿಜಬೆತ್‌ಳ ತಾಯಿ ಕತರೀನಾಳೇ, ರೂಪ ಬದಲಿಸಿಕೊಂಡಿದ್ದಾಳೆ ಅಂತ ನೋಡುಗರಲ್ಲಿ ಬಹಳ ಜನ ನಂಬಿದ್ದಾರೆ. ಸುಳಿವುಗಳೆಲ್ಲ ಅದನ್ನೇ ತೋರಿಸುತ್ತವೆ. ಸರಣಿ ಮಾತ್ರ 218ನೇ ಎಪಿಸೋಡ್ ತನಕ ತುಟಿ ಬಿಚ್ಚಲಿಲ್ಲ.

ಗುಟ್ಟು ಹೇಳಲಿಲ್ಲ ಅಂತ ಮಾತ್ರ ನನಗೆ ಸಿಟ್ಟಲ್ಲ. ಆ ಗುಟ್ಟು ಅವನಿಗೆ ಮಾಫಿ ಚೀಟಿ ಆಗಿಬಿಟ್ಟಿತು, ನನ್ನ ಜಗಳ ಇರುವುದು ಅಲ್ಲಿ. ಯಾರನ್ನೇ ಕೊಲ್ಲಲಿ, ಏನೋ ದೊಡ್ಡ ಕಾರಣ ಇದೆ, ಮುಂದೆ ಗೊತ್ತಾಗುತ್ತದೆ, ತಾಳಿ ಅನ್ನುತ್ತದೆ ಕಥೆ. ಮಿಸ್ಟರ್ ಕಪ್ಲನ್ ಅನ್ನುವ ಹೆಂಗಸು ವರ್ಷಗಟ್ಟಲೆ ಇವನ ರಕ್ತದ ಕಲೆ ಒರೆಸಿದವಳು. ಅಂಥವಳಿಗೇ ನಾಲ್ಕನೇ ಸೀಸನ್‌ನಲ್ಲಿ ಗುಂಡು ಹೊಡೆದ. ಅವಳು ಬದುಕಿ ಬಂದು ತಿರುಗಿಬಿದ್ದಾಗ ನಾನು ನೆಟ್ಟಗೆ ಕೂತೆ. ಈಗ ಇವನಿಗೆ ಲೆಕ್ಕ ಚುಕ್ತಾ ಆಗುತ್ತದೆ ಅಂದುಕೊಂಡೆ. ಆ ಸೀಸನ್ ಮುಗಿಯಿತು, ಕಪ್ಲನ್ ಸೇತುವೆಯಿಂದ ಹಾರಿದಳು, ಸಾಹೇಬರು ಟೋಪಿ ಸರಿ ಮಾಡಿಕೊಂಡು ಮುಂದೆ ನಡೆದರು.

ಎಂಟನೇ ಸೀಸನ್ನಿನ ಕೊನೆಗೆ ಎಲಿಜಬೆತ್ ಸತ್ತಳು. ಅಂದರೆ ಎಲ್ಲದಕ್ಕೂ ಕಾರಣ ಅಂತ ಇದ್ದವಳೇ ಹೋದಳು. ಆಮೇಲೂ ಎರಡು ಸೀಸನ್ ಎಳೆದರು. ಕೊನೆಗೆ ಸ್ಪೇನಿನ ಬಯಲಿನಲ್ಲಿ ಒಂದು ಗೂಳಿ ಬಂದು ಗುಮ್ಮಿತು. ಅಷ್ಟೇ. 150 ಗಂಟೆ ಕೂತವರಿಗೆ ಗೂಳಿ! ಈ ಮಧ್ಯೆ ನಾನು ಚಂದಾ ಕಟ್ಟಿದ್ದ ಓಟಿಟಿಯವರು ಒಂದು ದಿನ ಸರಣಿಯನ್ನೇ ತೆಗೆದುಹಾಕಿದ್ದರು. ಬೇರೆ ಕಡೆ ದುಡ್ಡು ಕೊಟ್ಟು ಮುಗಿಸಬೇಕಾಯಿತು.

ಈಗ ಬಾಯ್ಡ್. ಅಮೆರಿಕದ ಕೆಂಟಕಿ ರಾಜ್ಯದ ಹಾರ್ಲನ್ ಕೌಂಟಿ, ಕಲ್ಲಿದ್ದಲು ಗಣಿಗಳ ಸೀಮೆ. ಬಾಯ್ಡ್ ಕ್ರೌಡರ್ ಮತ್ತು ಪೊಲೀಸ್ ಮಾರ್ಷಲ್ ರೇಲನ್ ಗಿವೆನ್ಸ್ ಹರೆಯದಲ್ಲಿ ಒಂದೇ ಗಣಿಯೊಳಗೆ ಇಳಿದವರು. ಮೊದಲ ಎಪಿಸೋಡಿನಲ್ಲೇ ಬಾಯ್ಡ್ ಕರಿಯರ ಚರ್ಚಿಗೆ ರಾಕೆಟ್ ಹಾರಿಸುತ್ತಾನೆ. ಮೈಮೇಲೆ ನಾಜಿ ಹಚ್ಚೆ. ಅದೇ ಎಪಿಸೋಡಿನ ಕೊನೆಗೆ ಊಟದ ಮೇಜಿನಲ್ಲಿ ರೇಲನ್‌ನಿಂದ ಗುಂಡು ತಿನ್ನುತ್ತಾನೆ. ಎಲ್ಮೋರ್ ಲೆನರ್ಡ್ ಬರೆದ ಮೂಲ ಸಣ್ಣಕಥೆಯಲ್ಲಿ ಅವನು ಅಲ್ಲೇ ಸಾಯುತ್ತಾನೆ. ಸರಣಿಯಲ್ಲೂ ಸಾಯಬೇಕಿತ್ತು. ಪರೀಕ್ಷೆಗೆಂದು ತೋರಿಸಿದಾಗ ನೋಡಿದವರಿಗೆ ಬಾಯ್ಡ್ ಪಾತ್ರದ ವಾಲ್ಟನ್ ಗಾಗಿನ್ಸ್ ಅಷ್ಟು ಹಿಡಿಸಿದ, ಬದುಕಿಸಿಕೊಂಡರು. 2010ರಿಂದ 2015ರ ತನಕ, 78 ಎಪಿಸೋಡ್.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರಲ್ವಾ? ಈ ಮನುಷ್ಯ ಆ ಗಾದೆಯನ್ನೇ ಸುಳ್ಳು ಮಾಡಿದ. ಪ್ರವಚನಕಾರನ ಹಾಗೆ ಉದ್ದುದ್ದ ಮಾತು, ಬಿಳಿ ಹಲ್ಲು, ಕುತ್ತಿಗೆ ತನಕ ಗುಂಡಿ ಹಾಕಿದ ಅಂಗಿ. ಜೈಲಿಂದ ಬಂದು ಪಾದ್ರಿ ಆಗುತ್ತಾನೆ, ಮತ್ತೆ ಗಣಿಗೆ ಇಳಿಯುತ್ತಾನೆ, ಮತ್ತೆ ಗ್ಯಾಂಗ್ ಕಟ್ಟುತ್ತಾನೆ. ಪ್ರತಿಸಲವೂ ‘ಈ ಸಲ ನಿಜವಾಗಿ ಬದಲಾದ’ ಅನಿಸುತ್ತದೆ. ರೇಲನ್ ಮಾತ್ರ ಒಂದು ದಿನವೂ ನಂಬಲ್ಲ. ನಾನು ನಂಬುತ್ತೇನೆ, ಸಿಕ್ಕಿಬೀಳುತ್ತೇನೆ. ನನಗೆ ಮಜಾ ಕೊಟ್ಟದ್ದೇ ಈ ಆಟ.

ಕಿವಿ ಹಿಂಡಿದ್ದು ಆರನೇ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ. ಡ್ಯೂಯಿ ಕ್ರೋ ಅಂತ ಒಬ್ಬ ಪೆದ್ದ ಇದ್ದಾನೆ, ಮೊದಲ ಸೀಸನ್ನಿನಿಂದ ನಮ್ಮನ್ನು ನಗಿಸಿದವನು. ಜೈಲಿಂದ ಬಿಟ್ಟು ಬಂದಿದ್ದಾನೆ. ಮೊದಲಿನ ಹಾಗೆ ಎಲ್ಲರೂ ಒಟ್ಟಿಗಿದ್ದರೆ ಎಷ್ಟು ಚೆನ್ನ ಅನ್ನುವುದಷ್ಟೇ ಅವನ ಆಸೆ. ಇವನನ್ನು ನಂಬುವ ಹಾಗಿಲ್ಲ ಅಂತ ಬಾಯ್ಡ್‌ಗೆ ಅನಿಸಿದೆ. ಅವನ ಕೈಗೆ ಗಣಿ ಕೆಲಸಗಾರರ ಹಳೇ ಫೋಟೋ ಕೊಟ್ಟು, ಮೆತ್ತನೆ ದನಿಯಲ್ಲಿ ಹಳೇ ಕಾಲದ ಮಾತು ಆಡುತ್ತಾನೆ. ಡ್ಯೂಯಿ ಫೋಟೋ ನೋಡುತ್ತಿದ್ದಾನೆ. ಹಿಂದಿನಿಂದ ಗುಂಡು. ಅಷ್ಟು ವರ್ಷ ನಾನು ಇಷ್ಟಪಟ್ಟದ್ದು ಅದೇ ದನಿ, ಅದೇ ಮಾತುಗಾರಿಕೆ. ರೆಡಿಂಗ್ಟನ್ ಕಥೆ ಹೇಳಿ ಕೊಂದರೆ ಸತ್ತವನ ಹೆಸರೂ ನೆನಪಿರಲ್ಲ. ಡ್ಯೂಯಿ ವಿಷಯದಲ್ಲಿ ನನಗೆ ಆ ಅನುಕೂಲ ಇರಲಿಲ್ಲ.

ಕೊನೆಯೂ ಸರಿಯಾಗಿದೆ. ಬಾಯ್ಡ್ ಸಾಯಲ್ಲ, ಜೈಲಿನಲ್ಲಿ ಮತ್ತೆ ಪ್ರವಚನ ಶುರು ಮಾಡಿದ್ದಾನೆ. ರೇಲನ್ ಬಂದು, ನೀನು ಪ್ರೀತಿಸಿದ ಏವಾ ಸತ್ತಳು ಅಂತ ಸುಳ್ಳು ಹೇಳುತ್ತಾನೆ. ಅವಳು ಮಗುವಿನ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿದ್ದಾಳೆ. ಜೀವನವಿಡೀ ಎಲ್ಲರನ್ನೂ ಮಾತಲ್ಲಿ ಬೀಳಿಸಿದವನು ಆ ಸುಳ್ಳನ್ನು ನಂಬಿಬಿಡುತ್ತಾನೆ.

ತೊಂದರೆ ಇಲ್ಲ ಅಂತಲ್ಲ. ಕೆಂಟಕಿ ಇಂಗ್ಲಿಷ್ ಕಿವಿಗೆ ಹತ್ತಲ್ಲ, ಸಬ್‌ಟೈಟಲ್ ಬೇಕೇ ಬೇಕು. ಬಟ್ಟೆ ಮಡಚುತ್ತಾ ನೋಡುವ ಸರಣಿ ಇದಲ್ಲ. ಐದನೇ ಸೀಸನ್ ಸ್ವಲ್ಪ ಸಪ್ಪೆ.

ನನ್ನದು ಊಟ ಆದ ಮೇಲೆ ಒಂದು ಎಪಿಸೋಡ್ ನೋಡಿ ಮಲಗುವ ಅಭ್ಯಾಸ. ತಿಂಗಳಿಗೆ ಒಂದೇ ಚಂದಾ ಅನ್ನುವ ಬಜೆಟ್. ಅದಕ್ಕೆ ಬಾಯ್ಡ್ ಸರಿಹೊಂದಿದ. ಒಂದು ವಾರದಲ್ಲಿ ಮುಗಿಯಬೇಕು ಅನ್ನುವವರು ವಿಲನೆಲ್‌ಳ ಮೊದಲ ಎಂಟು ಎಪಿಸೋಡ್ ನೋಡಿ ಟಿವಿ ಆರಿಸಿ. ಅಡುಗೆಮನೆ ಕೆಲಸಕ್ಕೆ ಜೊತೆ ಬೇಕಿದ್ದರೆ ರೆಡಿಂಗ್ಟನ್ ಪರವಾಗಿಲ್ಲ, ಗುಟ್ಟಿನ ಆಸೆ ಮಾತ್ರ ಬಿಟ್ಟು ಕೂರಿ. ‘ಜಸ್ಟಿಫೈಡ್’ ಶುರು ಮಾಡಿದರೆ ಎರಡನೇ ಸೀಸನ್ ತನಕವಾದರೂ ಬನ್ನಿ. ಅಲ್ಲಿ ಮ್ಯಾಗ್ಸ್ ಬೆನೆಟ್ ಅನ್ನುವ ಅಂಗಡಿಯಮ್ಮ ಇದ್ದಾಳೆ. ಅವಳು ಮನೆಯಲ್ಲಿ ಇಳಿಸಿದ ಸಾರಾಯಿ ಕೊಟ್ಟರೆ ಕುಡಿಯುವ ಮೊದಲು ಲೋಟ ಯಾವುದು ಅಂತ ನೋಡಿಕೊಳ್ಳಿ.