ಲೈಬ್ರರಿಯ ಮೂಲೆ ಮೇಜು ಮತ್ತು ನಮ್ಮ ಮನೆ ಟ್ಯಾಕ್ಸ್

ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಇರುವವರಿಗೆ ಆಗಸ್ಟ್ ತಿಂಗಳಿನ ಬಿಸಿ ಗೊತ್ತಿರುತ್ತದೆ. ಪ್ರಾಪರ್ಟಿ ಟ್ಯಾಕ್ಸ್ ಇಲ್ಲಿ ವರ್ಷಕ್ಕೆ ನಾಲ್ಕು ಕಂತು: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ಮೊದಲ ಎರಡು ಕಂತು ಹೋದ ವರ್ಷದ ಲೆಕ್ಕದಲ್ಲೇ ಬರುತ್ತವೆ. ಅಷ್ಟರಲ್ಲಿ ಶಾಲೆ, ಊರು, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮೂರರ ಬಜೆಟ್ಟೂ ಪಾಸಾಗಿರುತ್ತದೆ. ಇಡೀ ವರ್ಷದ ಏರಿಕೆ ಉಳಿದ ಎರಡು ಕಂತಿನ ತಲೆ ಮೇಲೆ ಕೂರುತ್ತದೆ. ನಮಗೆ 2025ರಲ್ಲಿ ಮೇ ಕಂತು 2,960 ಡಾಲರ್, ಆಗಸ್ಟ್ ಕಂತು 3,185. ಕವರ್ ಒಡೆದ ನಮ್ಮ ಯಜಮಾನರು ಏನೂ ಮಾತಾಡದೆ ಅದನ್ನು ಫ್ರಿಜ್ಜಿನ ಮೇಲಿಟ್ಟು ಗಿಡಕ್ಕೆ ನೀರು ಹಾಕಲು ಹೋದರು. ಅವತ್ತು ಬೆಳಿಗ್ಗೆ ಚೆನ್ನಾಗಿ ಮಳೆ ಬಂದಿತ್ತು.

1997ರಲ್ಲಿ ಈ ಮನೆ ಕೊಂಡಾಗ ವರ್ಷದ ಟ್ಯಾಕ್ಸ್ 4,350 ಇತ್ತು. ಈಗ 12,290. ಆಗ ಇಬ್ಬರಿಗೂ ಸಂಬಳ ಬರುತ್ತಿತ್ತು. ಈಗ ಇಬ್ಬರದೂ ಸೋಷಿಯಲ್ ಸೆಕ್ಯುರಿಟಿ (ಸರ್ಕಾರ ಕೊಡುವ ನಿವೃತ್ತಿ ವೇತನ), ನನ್ನದೊಂದು ಚಿಕ್ಕ ಪೆನ್ಷನ್, ಜಯನಗರದ ಮನೆಯಿಂದ ಒಂದಿಷ್ಟು ಬಾಡಿಗೆ. ನಮ್ಮದೇನೂ ವಿಶೇಷ ಕಷ್ಟ ಅಲ್ಲ. ಇಡೀ ರಾಜ್ಯದ ಸರಾಸರಿ ಬಿಲ್ಲೇ 2024ರಲ್ಲಿ ಮೊದಲ ಸಲ 10,000 ಡಾಲರ್ ದಾಟಿತು.

ನಾನು ಇಲ್ಲಿ ಬರೆಯಹೊರಟಿರುವುದು ನಮ್ಮೂರ ಲೈಬ್ರರಿಯಲ್ಲಿ ವಾರಕ್ಕೆರಡು ದಿನ ನಡೆಯುವ ಒಂದು ಸೇವೆಯ ಬಗ್ಗೆ. ಮಂಗಳವಾರ, ಗುರುವಾರ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆವರೆಗೆ. ಮಕ್ಕಳ ವಿಭಾಗ ದಾಟಿದರೆ ಮೂಲೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಪ್ರಿಂಟರ್. ಇಬ್ಬರು ಸ್ವಯಂಸೇವಕರು 65 ದಾಟಿದವರಿಗೆ ಟ್ಯಾಕ್ಸ್ ವಾಪಸಾತಿಯ ಫಾರಂ ತುಂಬಿಸಿಕೊಡುತ್ತಾರೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಅಲ್ಲಿಗೆ ಹೋಗುವ ಮೊದಲು ನಾನು ದುಡ್ಡು ಕೊಟ್ಟು ಕೆಟ್ಟಿದ್ದೆ, ಅದನ್ನೂ ಹೇಳಬೇಕು. ಹೈವೇ ಪಕ್ಕದ ಒಂದು ಟ್ಯಾಕ್ಸ್ ಆಫೀಸು. ಹೆಸರು ಬೇಡ. 175 ಡಾಲರ್ ತೆಗೆದುಕೊಂಡ ಹುಡುಗ ಆದಾಯದ ಕಾಲಂನಲ್ಲಿ ನಮ್ಮ ಸೋಷಿಯಲ್ ಸೆಕ್ಯುರಿಟಿಯನ್ನು ಖಾಲಿ ಬಿಟ್ಟ. "ನ್ಯೂಜೆರ್ಸಿಯಲ್ಲಿ ಅದಕ್ಕೆ ಟ್ಯಾಕ್ಸ್ ಇಲ್ಲ ಆಂಟಿ, ತೋರಿಸೋದು ಬೇಡ" ಅಂದ. ಟ್ಯಾಕ್ಸ್ ಇಲ್ಲ ಅನ್ನುವುದು ನಿಜ. ಆದರೆ ವಯಸ್ಸಾದವರಿಗೆ ಏರಿದ ಟ್ಯಾಕ್ಸ್ ವಾಪಸ್ ಕೊಡುವ ಸೀನಿಯರ್ ಫ್ರೀಜ್ ಯೋಜನೆಗೆ ಅದನ್ನೂ ಆದಾಯ ಅಂತಲೇ ಎಣಿಸುತ್ತಾರೆ. ಪುಣ್ಯಕ್ಕೆ ನಾನು ಸಹಿ ಹಾಕಿರಲಿಲ್ಲ, ಮನೆಗೆ ತಂದು ಓದುತ್ತೇನೆ ಅಂದಿದ್ದೆ. 175 ಮಾತ್ರ ವಾಪಸ್ ಬರಲಿಲ್ಲ.

ಸೆಪ್ಟೆಂಬರಿನ ಒಂದು ಗುರುವಾರ ಹಳೇ ಸೀರೆ ಅಂಗಡಿಯ ಬಟ್ಟೆ ಚೀಲದಲ್ಲಿ ಕಾಗದವೆಲ್ಲ ತುಂಬಿಕೊಂಡು ಲೈಬ್ರರಿಗೆ ಹೋದೆವು. ಟೋಕನ್ ನಂಬರ್ 7. ಐವತ್ತು ನಿಮಿಷ ಕಾದೆವು. ಪಕ್ಕದಲ್ಲೇ ಮಕ್ಕಳ ಕಥೆ ಹೇಳುವ ಕಾರ್ಯಕ್ರಮ ನಡೆಯುತ್ತಿತ್ತು, ನಮ್ಮವರು ಕಿವಿಯ ಮಷೀನ್ ತೆಗೆದು ಜೇಬಿಗೆ ಹಾಕಿಕೊಂಡರು.

ನಮಗೆ ಸಿಕ್ಕವರು ಬಿಳಿ ಗಡ್ಡದ ಒಬ್ಬರು, ಎಪ್ಪತ್ತೈದರ ಮೇಲಿರಬೇಕು. ಫಾರಂ ಮುಟ್ಟಲೇ ಇಲ್ಲ. ಮೊದಲು ನಮ್ಮ ಬಿಲ್ಲು ಕೇಳಿದರು. ಪೆನ್ಸಿಲ್ ತೆಗೆದುಕೊಂಡು ಒಂದೊಂದೇ ಸಾಲಿಗೆ ಗೆರೆ ಎಳೆದರು: ಕೌಂಟಿಗೆ ಇಷ್ಟು, ಊರಿಗೆ ಇಷ್ಟು, ಲೈಬ್ರರಿಗೆ ಇಷ್ಟು, ಶಾಲೆಗೆ ಇಷ್ಟು. ಶಾಲೆಯ ಸಾಲಿಗೆ ಎರಡು ಸುತ್ತು ಹಾಕಿದರು. ನಮ್ಮ 12,290ರಲ್ಲಿ 7,100ಕ್ಕೂ ಜಾಸ್ತಿ ಶಾಲೆಗೇ. ಇಪ್ಪತ್ತೆಂಟು ವರ್ಷ ಬಿಲ್ಲು ಕಟ್ಟಿದ್ದೇನೆ, ಆ ಸಾಲುಗಳನ್ನು ಒಂದು ದಿನ ಕೂತು ಓದಿರಲಿಲ್ಲ ನೋಡಿ. ಲೈಬ್ರರಿಯ ಸಾಲು ಕಂಡು ಮಾತ್ರ ನಗು ಬಂತು. ಬೆಂಗಳೂರಿನ ಮನೆ ಕಂದಾಯದಲ್ಲೂ ಗ್ರಂಥಾಲಯ ಕರ ಅಂತ ಒಂದು ಇರುತ್ತದೆ, ಅಲ್ವಾ? ಅಲ್ಲೂ ಕಟ್ಟುತ್ತೇನೆ, ಇಲ್ಲೂ ಕಟ್ಟುತ್ತೇನೆ. ಹಾಗಾಗಿ ಈ "ಉಚಿತ" ಮೇಜಿಗೆ ನಾನು ವರ್ಷಕ್ಕೆ ಇನ್ನೂರು ಚಿಲ್ಲರೆ ಡಾಲರ್ ಕೊಟ್ಟೇ ಇದ್ದೇನೆ.

ನಮ್ಮವರು ಸುಮ್ಮನಿರಲಿಲ್ಲ. "ಶಾಲೆಯ ಟ್ಯಾಕ್ಸ್ ವರ್ಷಕ್ಕೆ ಎರಡು ಪರ್ಸೆಂಟ್‌ಗಿಂತ ಏರಬಾರದು ಅಂತ ಮಿತಿ ಇದೆ ಅಂತಾರಲ್ಲ, ನಮಗೆ ಹೇಗೆ 3.8 ಪರ್ಸೆಂಟ್ ಏರಿತು?" ಅಂದರು. ಗಡ್ಡದವರು ಕುರ್ಚಿ ಹಿಂದಕ್ಕೆ ಸರಿಸಿ ನಕ್ಕರು. ಅವರು ನಿವೃತ್ತಿಗೆ ಮುಂಚೆ ಬೇರೊಂದು ಊರಿನ ಶಾಲೆಯ ಲೆಕ್ಕಪತ್ರ ವಿಭಾಗದಲ್ಲಿದ್ದರಂತೆ. ಅಂದರೆ ಇಂಥ ಬಿಲ್ಲುಗಳನ್ನು ಏರಿಸುವ ಬಜೆಟ್ ತಯಾರು ಮಾಡುತ್ತಿದ್ದವರೇ! ಆ ಮಿತಿ 2010ರಲ್ಲಿ ಬಂದದ್ದು. ಅದು ಇರುವುದು ಒಟ್ಟು ವಸೂಲಿಯ ಮೇಲೆ, ನಮ್ಮ ಒಬ್ಬರ ಬಿಲ್ಲಿನ ಮೇಲಲ್ಲ. ಅದರಲ್ಲೂ ಸಿಬ್ಬಂದಿಯ ಆರೋಗ್ಯ ವಿಮೆ ವಿಪರೀತ ಏರಿದರೆ, ಮಕ್ಕಳ ಸಂಖ್ಯೆ ಹೆಚ್ಚಾದರೆ, ಮಿತಿ ದಾಟಲು ಅವಕಾಶ ಇದೆ. ಕಟ್ಟಡದ ಸಾಲದ ಕಂತು ಮಿತಿಯ ಹೊರಗೇ. ಜೊತೆಗೆ ಊರಿನದು, ಕೌಂಟಿಯದು ಬೇರೆ. ಇದನ್ನೆಲ್ಲ ಅವರು ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಆ ಬಿಲ್ಲನ್ನು ನಾನು ಇಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಏಪ್ರಿಲ್‌ನಲ್ಲಿ ನಮ್ಮೂರಿನ ಶಾಲಾ ಬಜೆಟ್ ಸಭೆಗೆ ಹೋಗಿದ್ದೆ. ಮೊದಲೆಲ್ಲ ಏಪ್ರಿಲ್‌ನಲ್ಲಿ ಬಜೆಟ್‌ಗೇ ಓಟು ಹಾಕುತ್ತಿದ್ದೆವು. 2012ರಲ್ಲಿ ಕಾನೂನು ಬದಲಾಯಿತು. ಶಾಲಾ ಮಂಡಳಿಯ ಚುನಾವಣೆಯನ್ನು ನವೆಂಬರ್‌ಗೆ ಒಯ್ದ ಊರುಗಳಲ್ಲಿ, ಬಜೆಟ್ ಮಿತಿಯೊಳಗಿದ್ದರೆ ಜನರ ಓಟು ಬೇಕಿಲ್ಲ. ನಮ್ಮೂರೂ ಹಾಗೇ ಮಾಡಿತು. ಈಗ ಉಳಿದಿರುವುದು ಮೈಕ್ ಮುಂದೆ ಮೂರು ನಿಮಿಷ. ಅವತ್ತು ಒಬ್ಬರು ಎದ್ದು "ನನ್ನ ಮಕ್ಕಳಿಗೇ ನಲವತ್ತಾಯಿತು, ನಾನ್ಯಾಕೆ ಕೊಡಬೇಕು" ಅಂದಾಗ ನಾನೂ ಚಪ್ಪಾಳೆ ತಟ್ಟಿದೆ. ತಟ್ಟಿದ ಮೇಲೆ ಕೈ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ನನ್ನ ಮಗ ಆ ಶಾಲೆಯಲ್ಲಿ ವಯೋಲಿನ್ ಕಲಿಯುತ್ತಿದ್ದಾಗ ನಮ್ಮ ಎದುರು ಮನೆಯಲ್ಲಿ ಎಂಬತ್ತು ದಾಟಿದ ಇಟಾಲಿಯನ್ ಅಜ್ಜ ಅಜ್ಜಿ ಇದ್ದರು. ಆ ಪಾಠಕ್ಕೆ ಅವರೂ ದುಡ್ಡು ಕೊಟ್ಟಿದ್ದರು ತಾನೇ. ಸಭೆಯ ಕೊನೆಗೆ ಬಜೆಟ್ ಪಾಸಾಯಿತು, ಟ್ಯಾಕ್ಸೂ ಏರಿತು, ಒಬ್ಬ ಸಂಗೀತ ಮೇಷ್ಟ್ರ ಹುದ್ದೆಯೂ ಹೋಯಿತು. ನಮ್ಮ ಚಪ್ಪಾಳೆಯಿಂದ ಯಾರಿಗೆ ಏನು ಸಿಕ್ಕಿತೋ.

ಗಡ್ಡದವರಿಗೆ ಇದನ್ನು ಹೇಳಿದೆ. "ಸಂಬಳ, ವಿಮೆ, ವಿಶೇಷ ಅಗತ್ಯದ ಮಕ್ಕಳ ಕಲಿಕೆ, ಬಸ್ಸು. ಇವು ನಾಲ್ಕನ್ನು ಬಿಟ್ಟರೆ ಕತ್ತರಿ ಆಡಿಸಲು ಉಳಿಯೋದೇ ಸಂಗೀತ" ಅಂದರು. ಆಮೇಲೆ ಫಾರಂ ಎಳೆದುಕೊಂಡರು. "ನಿಮ್ಮ ದುಡ್ಡು ಇರೋದು ಇಲ್ಲಿ."

ಫಾರಂ ಹೆಸರು ಪಿಎಎಸ್-1. ಮುಂಚೆ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು, 2025ರಿಂದ 65 ದಾಟಿದವರಿಗೆ ಮೂರು ಯೋಜನೆಗೂ ಇದೊಂದೇ. ನಮ್ಮ ಲೆಕ್ಕವನ್ನೇ ಹೇಳುತ್ತೇನೆ, ಆಗ ಸಲೀಸಾಗಿ ಅರ್ಥವಾಗುತ್ತದೆ. 2025ರ ಅರ್ಜಿ 2024ರ ಟ್ಯಾಕ್ಸಿನ ಮೇಲೆ, ಮುಂದೆ ಹೇಳುವ ಮೊತ್ತ, ಮಿತಿಗಳೂ ಆ ಅರ್ಜಿಯವೇ. ನಮ್ಮದು 11,840. ಆ್ಯಂಕರ್ ಯೋಜನೆಯಲ್ಲಿ ಒಂದೂವರೆ ಲಕ್ಷ ಡಾಲರ್ ಒಳಗಿನ ಆದಾಯದ ಮನೆ ಮಾಲೀಕರಿಗೆ 1,500, ವಯಸ್ಸಾದವರಿಗೆ ಇನ್ನೂ 250, ಒಟ್ಟು 1,750. ಸೀನಿಯರ್ ಫ್ರೀಜ್ ಅಂದರೆ ನೀವು ಅರ್ಹರಾದ ಮೊದಲ ವರ್ಷದ ಟ್ಯಾಕ್ಸನ್ನು ಗೂಟ ಹೊಡೆದಂತೆ ನಿಲ್ಲಿಸಿ, ಅದರ ಮೇಲೆ ಏರಿದ್ದನ್ನು ವಾಪಸ್ ಕೊಡುವುದು. ಬಿಲ್ಲೇನೂ ನಿಲ್ಲುವುದಿಲ್ಲ, ಮೊದಲು ಪೂರ್ತಿ ಕಟ್ಟಬೇಕು. ನಮಗೆ ಇದು ಮೊದಲ ಅರ್ಜಿ, ಹಾಗಾಗಿ ಗೂಟ 2023ಕ್ಕೆ ಬಿತ್ತು. ಆ ವರ್ಷ 11,420. ವ್ಯತ್ಯಾಸ 420. ಮೂರನೆಯದು ಸ್ಟೇ ಎನ್‌ಜೆ. ಐದು ಲಕ್ಷದೊಳಗಿನ ಆದಾಯ ಇದ್ದರೆ ಟ್ಯಾಕ್ಸಿನ ಅರ್ಧದವರೆಗೆ, ಗರಿಷ್ಠ 6,500. ಆದರೆ ಮೊದಲಿನ ಎರಡನ್ನು ಕಳೆದು. ನಮ್ಮ ಅರ್ಧ 5,920. ಅದರಲ್ಲಿ 1,750, 420 ಕಳೆದರೆ 3,750. ಅದು 2026ರ ಆರಂಭದಿಂದ ಕಂತಿನಲ್ಲಿ ಬರಬೇಕು.

ಹೋದ ವರ್ಷವೇ ಅರ್ಜಿ ಹಾಕಿದ್ದರೆ ಗೂಟ 2022ಕ್ಕೆ, ಇನ್ನೂ ಕೆಳಗೆ ಬೀಳುತ್ತಿತ್ತು. ನಾನು ಹಣೆ ಚಚ್ಚಿಕೊಂಡೆ. ಈ ವರ್ಷಕ್ಕೆ ಏನೂ ನಷ್ಟವಿಲ್ಲ ಅಂದರು ಅವರು. ಫ್ರೀಜ್ ಕಡಿಮೆಯಾದರೆ ಸ್ಟೇ ಎನ್‌ಜೆ ಅಷ್ಟೇ ಜಾಸ್ತಿಯಾಗಿ ಒಟ್ಟು ಅರ್ಧಕ್ಕೇ ಬಂದು ನಿಲ್ಲುತ್ತದೆ. ಆದರೆ ಇವೆಲ್ಲಕ್ಕೂ ದುಡ್ಡು ರಾಜ್ಯದ ಬಜೆಟ್ಟಿನಿಂದ ಪ್ರತಿ ಜೂನ್‌ನಲ್ಲಿ ಬರಬೇಕು. ಯಾವತ್ತಾದರೂ ಒಂದಕ್ಕೆ ಕತ್ತರಿ ಬಿದ್ದರೆ ಹಳೇ ಗೂಟ ಇದ್ದವರಿಗೆ ಅನುಕೂಲ. ಹಾಗಾಗಿ ಪ್ರತಿ ವರ್ಷ ತಪ್ಪದೆ ಅರ್ಜಿ ಹಾಕಿ ಅಂದರು. ಈ ಮಾತನ್ನು ನನಗೆ 175 ಡಾಲರ್ ತೆಗೆದುಕೊಂಡವನು ಹೇಳಿರಲಿಲ್ಲ.

ನಮ್ಮ ಕನ್ನಡದವರಿಗೆ ಬೇಕಾಗುವ ಎರಡು ಸಂಗತಿಗಳನ್ನೂ ಅಲ್ಲೇ ಕಲಿತೆ. ಜಯನಗರದ ಬಾಡಿಗೆ, ಅಲ್ಲಿನ ಬ್ಯಾಂಕಿನ ಬಡ್ಡಿ ಕೂಡ ಆದಾಯವೇ, ಬರೆಯಬೇಕು. ನಾನು ದನಿ ತಗ್ಗಿಸಿ ಕೇಳಿದ್ದಕ್ಕೆ ಅವರು ದೊಡ್ಡ ದನಿಯಲ್ಲೇ ಉತ್ತರ ಕೊಟ್ಟರು, ಕಥೆ ಕೇಳುತ್ತಿದ್ದ ಮಕ್ಕಳೂ ತಿರುಗಿ ನೋಡಿದರು. ಇನ್ನೊಂದು, ಮನೆ ಯಾರ ಹೆಸರಲ್ಲಿದೆ ಅನ್ನುವುದು. ಕನ್ನಡ ಕೂಟದ ನನ್ನ ಗೆಳತಿಯೊಬ್ಬರು, ಧಾರವಾಡದ ಕಡೆಯವರು, "ಹೆಂಗೂ ಅವನಿಗೇ ಹೋಗೂದಲ್ರೀ" ಅಂತ ಮಗನನ್ನೂ ಪಾಲುದಾರನಾಗಿ ಸೇರಿಸಿಬಿಟ್ಟಿದ್ದರು. ಈಗ ಅವರಿಗೆ ಸಿಗುವುದು ಅವರ ಪಾಲಿಗೆ ತಕ್ಕಷ್ಟೇ. ಗಂಡ ಹೆಂಡತಿ ಇಬ್ಬರ ಹೆಸರಿದ್ದರೆ ತೊಂದರೆಯಿಲ್ಲ. ಮಗನ ಮನೆಯಲ್ಲಿ ಇರುವ ಅಪ್ಪ ಅಮ್ಮನಿಗೆ, ಎಷ್ಟೇ ವಯಸ್ಸಾಗಿರಲಿ, ಇದು ಅನ್ವಯಿಸುವುದಿಲ್ಲ.

ಕೊರತೆ ಇಲ್ಲವೆಂದಲ್ಲ. ವಾರಕ್ಕೆ ಆರು ಗಂಟೆ ಯಾವ ಮೂಲೆಗೂ ಸಾಲದು. 2025ರಲ್ಲಿ ಅಕ್ಟೋಬರ್ ಕೊನೆಗೆ ಗಡುವಿತ್ತು, ಆ ತಿಂಗಳು ಬೆಳಿಗ್ಗೆ ಹನ್ನೊಂದಕ್ಕೆಲ್ಲ ಟೋಕನ್ ಮುಗಿಯುತ್ತಿತ್ತಂತೆ. ಖಾಸಗಿ ಮಾತಿಗೆ ಜಾಗವಿಲ್ಲ, ನಿಮ್ಮ ಆದಾಯ ಹಿಂದಿನ ಕುರ್ಚಿಯವರಿಗೂ ಗೊತ್ತಾಗುತ್ತದೆ. ಪ್ರಿಂಟರ್ ನಾವಿದ್ದಾಗಲೇ ಎರಡು ಸಲ ಮುಷ್ಕರ ಹೂಡಿತು. ಇನ್ನೊಬ್ಬ ಸ್ವಯಂಸೇವಕಿ ಸ್ವಲ್ಪ ಗಡಿಬಿಡಿ. ಪಕ್ಕದ ಗುಜರಾತಿ ಅಜ್ಜಿಗೆ ಒಂದೇ ಮಾತನ್ನು ಇಂಗ್ಲಿಷಿನಲ್ಲಿ ಮೂರು ಸಲ ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳಿದರೆ ಭಾಷೆ ಬರುತ್ತದೆಯೇ? ಕೊನೆಗೆ ನನ್ನ ಹರಕು ಹಿಂದಿಯಲ್ಲಿ ನಾನೇ ವಿವರಿಸಿದೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ.

ಇದನ್ನು 2025ರ ನವೆಂಬರ್ ಮಧ್ಯದಲ್ಲಿ ಬರೆಯುತ್ತಿದ್ದೇನೆ. ಆ್ಯಂಕರಿನ 1,750 ಹೋದ ವಾರ ಬ್ಯಾಂಕಿಗೆ ಬಂತು. ನವೆಂಬರ್ ಕಂತು 3,185 ಅದಕ್ಕೂ ಮೊದಲೇ ಹೋಗಿತ್ತು ಅನ್ನಿ. ಉಳಿದದ್ದು ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.

ಹೋಗುವವರು ಬೇಸಿಗೆಯಲ್ಲೇ ಹೋಗಿ, ಅಕ್ಟೋಬರ್‌ವರೆಗೆ ಕಾಯಬೇಡಿ. ಎರಡು ವರ್ಷದ ಟ್ಯಾಕ್ಸ್ ಬಿಲ್ಲು, ಕಟ್ಟಿದ್ದಕ್ಕೆ ಪುರಾವೆ, ವಯಸ್ಸಿನ ದಾಖಲೆ, ಆದಾಯದ ಕಾಗದ ಎಲ್ಲ ಇರಲಿ. ಬಿಲ್ಲಿನ ಮೇಲೆ ಬ್ಲಾಕ್, ಲಾಟ್ ಅಂತ ಎರಡು ನಂಬರ್ ಇರುತ್ತದೆ, ಅದನ್ನು ಮೊದಲೇ ಹುಡುಕಿ ಗುರುತು ಹಾಕಿಕೊಳ್ಳಿ. ಓದುವ ಕನ್ನಡಕ ಮರೆಯಬೇಡಿ. ಮುಂದಿನ ಪಾರ್ಕಿಂಗ್ ಕಥೆ ಕೇಳಲು ಬಂದ ಅಮ್ಮಂದಿರಿಂದ ತುಂಬಿರುತ್ತದೆ, ಹಿಂದಿನ ಗೇಟಿನಿಂದ ಬನ್ನಿ. ಪೆನ್ಸಿಲ್ ಅವರೇ ಕೊಡುತ್ತಾರೆ. ವಾಪಸ್ ಕೊಡಿ, ನಮ್ಮವರು ಅವತ್ತು ಜೇಬಿಗೆ ಹಾಕಿಕೊಂಡು ಬಂದುಬಿಟ್ಟಿದ್ದಾರೆ.